ಮೊಳೆಯದ ಲಾಲೆ

ತೂರಾನ್ ಗುದ್ದಲಿ ತಂದು ಹಿತ್ತಿಲ ಮಡಿಯನ್ನು ಅಗೆದಳು—ಈ ತುದಿ, ಆ ತುದಿ, ನಡುವೆ. ಬರೀ ಪುದೀನದ ಬೇರು. ಲಾಲೆ ಹೂವಿನ ಗೆಡ್ಡೆ ಒಂದೂ ಇಲ್ಲ.

ಹಿಮ ಕರಗಿ ಖಾನ್ಸಾರ್ ಊರಿನ ಹಿತ್ತಿಲುಗಳಲ್ಲೆಲ್ಲ ತಲೆಬಾಗಿದ ಲಾಲೆಯ ಕೆಂಪು ಗಂಟೆಗಳು ತೂಗುತ್ತಿದ್ದವು. ಇವಳ ಮಡಿಯಲ್ಲಿ ಮಾತ್ರ ಮೊಳಕೆಯ ಸುಳಿವಿಲ್ಲ. ಮದುವೆಯ ದಿನ ತಾಯಿ ಮಡಿಲು ತುಂಬಿ ಕೊಟ್ಟ ಗೆಡ್ಡೆಗಳವು. ಈಗ ತಾಯಿಯಿಲ್ಲ, ತವರೂರು ಅಣೆಕಟ್ಟಿನ ನೀರಿನಡಿ ಹೋಗಿದೆ.

ಅಣ್ಣ ನುಸ್ರತ್‌ನನ್ನು ಕರೆಸಿದಳು. ಪೊಲೀಸ್ ನೌಕರಿ ಮುಗಿದಿದ್ದರೂ ಪ್ರಶ್ನೆ ಕೇಳುವ ಚಟ ಅವನನ್ನು ಬಿಟ್ಟಿರಲಿಲ್ಲ.

"ಯಾರ ಮೇಲೆ ಅನುಮಾನ?"

"ನರ್ಸರಿ ಬಹ್ರಾಮ್. ಹೋದ ವರ್ಷ ಹೂ ನೋಡಿ, ಕೊಡು ಕೊಡು ಅಂತ ಪ್ರಾಣ ತಿಂದ. ಇಲ್ಲಾಂದ್ರೆ ಪಕ್ಕದ ಮನೆ ಕುದ್ರತ್. ಕಾಲುವೆ ನೀರಿಗೆ ಜಗಳ ಆದ್ಮೇಲೆ ನಮ್ಗೆ ಮಾತಿಲ್ಲ."

"ಯಾವಾಗ ಹೋಗಿರ್ಬಹುದು?"

"ಹಿಮ ಕರಗಿದ್ದೇ ಕಿತ್ತಿರ್ತಾರೆ. ಈಚೆಗೇ."

ನುಸ್ರತ್ ಕುಕ್ಕರಗಾಲಲ್ಲಿ ಕುಳಿತು, ಅವಳು ಅಗೆಯದೆ ಬಿಟ್ಟ ಕಡೆ ಪುದೀನವನ್ನು ಎಳೆದು ನೋಡಿದ. ಕೈ ಒರೆಸಿಕೊಂಡು ಎದ್ದ.

ನರ್ಸರಿಯಲ್ಲಿ ಬಹ್ರಾಮ್ ಕುಂಡಗಳ ನಡುವೆ ಚಹಾ ಕುಡಿಯುತ್ತಿದ್ದ.

"ಹೋದ ಬೇಸಿಗೇಲಿ ಇವಳ ಹಿತ್ತಿಲಿಗೆ ಬಂದಿದ್ಯಾ?" ನುಸ್ರತ್ ಕೇಳಿದ.

"ಬೇಸಿಗೇಲಿ ಬಂದು ಏನ್ ಮಾಡ್ಲಿ? ಎಲೆ ಒಣಗಿ ಹೋದ್ಮೇಲೆ ಗೆಡ್ಡೆ ಎಲ್ಲಿದೆ ಅಂತ ಮೂಸಿ ಹುಡುಕೋಕೆ ನಾನೇನು ನರಿಯಾ?"

ಕುದ್ರತ್ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದ. ತೂರಾನಳತ್ತ ನೋಡಲಿಲ್ಲ.

"ಜಗಳ ಆದ್ಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ. ಅಲ್ಲ, ಆ ಕೆಸರಲ್ಲಿ ಲಾಲೆ ಎಲ್ಲಾದ್ರೂ ಬದುಕುತ್ತಾ?"

ತೂರಾನಳಿಗೆ ಮೈ ಉರಿಯಿತು. "ಕೇಳಿದ್ಯಾ ಅಣ್ಣ? ನನಗೇ ತೋಟಗಾರಿಕೆ ಕಲಿಸ್ತಾರೆ. ನಡಿ."

ನುಸ್ರತ್ ಕದಲಲಿಲ್ಲ.

"ನಿನ್ನ ಮಡಿ ಕೆಸರಾಗಿದೆಯಾ?"

"ಇಲ್ಲ. ಮಳೆ ಹುಯ್ದರೂ ಅಲ್ಲಿ ನೀರು ನಿಲ್ಲಲ್ಲ."

"ಹಿಂದೆ ಎಂದಾದ್ರೂ?"

"ನಾನಂತೂ ನೋಡಿಲ್ಲ."

"ನೀನು ನೋಡಿಲ್ಲ. ಇವರು ನೋಡಿದ್ದಾರೆ." ಅವನ ದನಿ ಮೆತ್ತಗಿತ್ತು. "ಈಚೆಗೆ ಅಗೆದಿದ್ರೆ ಪುದೀನದ ಬೇರು ಹರಿದಿರಬೇಕಿತ್ತು. ಅದು ಚಾಪೆ ಹೆಣೆದ ಹಾಗೆ ಕೂಡಿದೆ. ಗೆಡ್ಡೆ ಹೋಗಿದ್ದು ಹೋದ ಬೇಸಿಗೇಲಿ—ನೀನು ಮಗಳ ಬಾಣಂತನಕ್ಕೆ ಶಿರಾಜ್‌ಗೆ ಹೋಗಿದ್ದಾಗ. ಆಗ ನೆಲದ ಮೇಲೆ ಎಲೆಯೂ ಇರಲಿಲ್ಲ. ಎಲ್ಲಿ ಅಗೀಬೇಕು ಅಂತ ಯಾರಿಗೆ ಗೊತ್ತು? ವರ್ಷಾವರ್ಷ ಗೋಡೆಯಾಚೆಯಿಂದ ನೋಡಿದವರಿಗೆ. ತೆಗೆದಿದ್ದು ನೀವೇ, ಕುದ್ರತ್ ಅಘಾ. ಆದರೆ ಯಾಕೆ?"

ಕುದ್ರತ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನ ಪೈಪು ಒಡೆದು ನಿನ್ನ ಹಿತ್ತಿಲೆಲ್ಲ ನೀರು ನಿಂತಿತ್ತು, ಖಾನುಮ್. ಆ ಗೆಡ್ಡೆಗೆ ನೆತ್ತಿಯಲ್ಲೇ ತೂತು, ನೀರಿಳಿದ್ರೆ ಮುಗೀತು. ಕೊಳೆತದ್ದು ಎಸೆದೆ. ಉಳಿದದ್ದು ನೆರಳಲ್ಲಿ ಒಣಗಿಸಿ ಇಲ್ಲಿ ನೆಟ್ಟೆ."

"ಒಂದು ಮಾತು ಹೇಳ್ಬಾರದಿತ್ತಾ?"

"ಕಾಲುವೆ ದಂಡೇಲಿ ನಿಂತು, ನಿನ್ನ ಮುಖ ತೋರಿಸ್ಬೇಡ ಅಂದವಳು ನೀನು. ಜೊತೆಗೆ, ಚಿಗುರುತ್ತೋ ಇಲ್ವೋ ಅನ್ನೋ ಭಯ ಬೇರೆ."

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಮನೆಯ ಹಿಂದೆ, ವಾಲ್‌ನಟ್ ಮರದಾಚೆಯ ಇಳಿಜಾರಿನಲ್ಲಿ ಕೆಂಪು ಗಂಟೆಗಳು ಸಾಲಾಗಿ ತೂಗುತ್ತಿದ್ದವು. ಕೆಲವು ಗಿಡ್ಡ, ಕೆಲವು ಬರೀ ಎಲೆ. ತೂರಾನ್ ಗಿಡಗಳ ಪಕ್ಕ ಕುಳಿತಳು. ಒಂದು ಹೂವನ್ನು ಬೆರಳಿಂದ ಎತ್ತಿ ಒಳಗೆ ನೋಡಿದಳು. ಜೇನಹನಿಗಳು ಹಾಗೇ ನೇತಾಡುತ್ತಿದ್ದವು.

ಹೂವನ್ನು ಮೆಲ್ಲಗೆ ಬಿಟ್ಟು ಕೇಳಿದಳು, "ತೂತಿಗೆ ನೀರಿಳಿಯದ ಹಾಗೆ ಓರೆಯಾಗಿ ಮಲಗಿಸಿ ನೆಟ್ಟಿರಾ?"

"ಹೂಂ. ಮರಳು ಹಾಸಿ."

"ಬೇಸಿಗೇಲಿ ಅರ್ಧ ಮಾತ್ರ ಕಿತ್ತು ಕೊಡಿ. ಇನ್ನರ್ಧ ಇಲ್ಲೇ ಇರ್ಲಿ."