ಗಿರಣಿ ಪಟ್ಟಿಯ ತುಂಡು

೧೯೪೬ರ ಮಾರ್ಚ್ ೧೨ರ ಬೆಳಿಗ್ಗೆ ಮಿರ್ಜಾನದ ಮಂಜಿ ಕುಮಟಾ ಠಾಣೆಗೆ ಬಂದು, ಮನೆಯಲ್ಲಿ ಕಳವಾಗಿದೆ ಎಂದಳು. ಫೌಜದಾರ ನಾಡಕರ್ಣಿಯವರು ಆಗಷ್ಟೇ ಚಹಾ ಬಾಯಿಗಿಟ್ಟಿದ್ದರು.

"ಎಂತ ಹೋತು?"

"ಗಿರಣಿ ಪಟ್ಟಿ ತುಂಡು, ಒಡ್ಯಾ. ಚರ್ಮದ್ದು."

ಕಾನ್‌ಸ್ಟೇಬಲ್ ದುರ್ಗ ನಗು ನುಂಗಿದ. ಆದರೆ ಇದು ನಗುವ ವಿಷಯವಾಗಿರಲಿಲ್ಲ. ಅವಳ ಗಂಡ ಮಾಬ್ಲನ ಬಲಗೈ ಅಕ್ಕಿ ಗಿರಣಿಯ ಯಂತ್ರ ತಿರುಗಿಸುವ ಪಟ್ಟಿಗೆ ಸಿಕ್ಕಿ ನಜ್ಜಾಗಿ ಹೋಗಿತ್ತು. ಅವನು ತೆಂಗಿನ ಮರದಿಂದ ಬಿದ್ದದ್ದೆಂದು ಗಿರಣಿಯ ಒಡೆಯರಾದ ಸಾವುಕಾರರು ಸಾಧಿಸಿದರು, ಗಿರಣಿಯ ಆಳುಗಳು ಬಾಯಿ ಹೊಲಿದುಕೊಂಡರು, ಪರಿಹಾರದ ಅರ್ಜಿ ವಜಾ ಆಯಿತು. ಈಗ ಮುಂಬಯಿ ಹೈಕೋರ್ಟಿನಲ್ಲಿ ಅಪೀಲು. ಕೈ ಬಿಡಿಸಲು ಕೊಯ್ದಿದ್ದ, ರಕ್ತ ಮೆತ್ತಿದ, ಗಿರಣಿಯ ಮುದ್ರೆಯಿದ್ದ ಆ ತುಂಡೊಂದೇ ಪುರಾವೆ; ಮೊದಲ ವಿಚಾರಣೆಯಲ್ಲಿ ಅದನ್ನು ತೋರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅದಿಲ್ಲದಿದ್ದರೆ ಸಂಸಾರ ಬೀದಿಗೆ ಬೀಳುವುದೇ ಸೈ.

ಎಫ್‌ಐಆರ್ ಆಯಿತು. ಪಂಚನಾಮೆಯಲ್ಲಿ ಕಂಡದ್ದು ಇಷ್ಟೇ: ಹಿತ್ತಾಳೆ ಕೊಡ ಇದ್ದಲ್ಲೇ ಇದೆ, ಅಟ್ಟದ ಮೇಲಿನ ತುಂಡು ಮಾತ್ರ ಇಲ್ಲ. ಸಾವುಕಾರರ ಮೇಲೆ ಕೈ ಹಾಕುವ ಆಸೆ ಫೌಜದಾರರಿಗೆ ಇಲ್ಲದಿರಲಿಲ್ಲ. ಆದರೆ ಅಟ್ಟದ ಗುಟ್ಟು ಸಾವುಕಾರರಿಗೆ ತಿಳಿಯುವುದು ಹೇಗೆ?

"ಮತ್ತೆ ಯಾರಿಗೆ ಗೊತ್ತಿತ್ತು?"

"ಇಂಜಿನ್ ನಡೆಸೂ ದೇವಣ್ಣಗೆ ಒಬ್ಬಗೆ. ಇವ್ರನ್ನ ನೋಡೂಕೆ ಬತ್ತಿದ್ದ."

ಅಷ್ಟರಲ್ಲಿ ಗಿರಣಿಯ ಸುತ್ತ ಹುಡುಕಲು ಹೋಗಿದ್ದ ದುರ್ಗ ಬಂದ. "ಸಾಯೇಬ್ರೆ, ಗಿರಣಿ ಹಿಂದಿನ ಜಟಗನ ಕಲ್ಲಿನ ಹತ್ರ ಹುಂಜದ ಪುಕ್ಕ ಬಿದ್ದದೆ. ಈಗ ಎಂತ ಹಬ್ಬ?"

ಮನುಷ್ಯರ ರಕ್ತ ಕಂಡ ವಸ್ತುವನ್ನು ಅಲ್ಲಿಯವರು ಸುಡುವುದಿಲ್ಲ, ಹೊಳೆಗೂ ಎಸೆಯುವುದಿಲ್ಲ. ಕೋಳಿ ಕೊಟ್ಟು, ಊರು ಕಾಯುವ ದೈವ ಜಟಗನ ಸುಪರ್ದಿಗೆ ಬಿಡುತ್ತಾರೆ. ಪಂಚರ ಎದುರು ಕಲ್ಲಿನ ಬುಡ ಅಗೆದಾಗ ಪಟ್ಟಿ ಸಿಕ್ಕಿತು. ಅದಕ್ಕೆ ಕುಂಕುಮ ಹಚ್ಚಿತ್ತು.

ಇಂಜಿನ್ ನಡೆಸುವ ದೇವುವನ್ನು ಕರೆಸಿದರು.

"ನಿನ್ನ ಹುಂಜ ಎಲ್ಲಿ?"

"ನರಿ ಹೊತ್ಕಂಡು ಹೋತು, ಒಡ್ಯಾ."

"ನರಿ ಕುಂಕುಮ ಹಚ್ತದಾ?"

"ತಕಂಡು ಹೋದವ ನಾನೇ, ಒಡ್ಯಾ," ಎಂದ ದೇವು.

"ಸಾವುಕಾರ್ರು ಹೇಳಿದ್ರಾ?"

"ಇಲ್ಲ. ಅವತ್ತು ಕೂಗಿ ಹೇಳ್ದೇ ಇಂಜಿನ್ ಚಾಲೂ ಮಾಡ್ದವ ನಾನೇ. ಅಪೀಲಲ್ಲಿ ಅದು ಹೊರಗೆ ಬಿದ್ರೆ ನಂಗೆ ಜೈಲೇ ಅಂದ್ಕಂಡೆ."

ಫೌಜದಾರರು ಲೇಖನಿ ಕೆಳಗಿಟ್ಟರು. "ಪರಿಹಾರದ ಕಾಯ್ದೆ ಯಾರ ತಪ್ಪು ಅಂತ ಕೇಳೂದೇ ಇಲ್ಲ ಮಾರಾಯ. ಗಿರಣಿ ಕೆಲಸದಲ್ಲಿ ಕೈ ಹೋತಾ, ಅಷ್ಟೇ. ಮೊದಲೇ ನಿಜ ಹೇಳಿದ್ರೆ ಅವನಿಗೆ ಪರಿಹಾರ ಸಿಕ್ತಿತ್ತು, ನಿನ್ನ ಯಾರೂ ಜೈಲಿಗೆ ಹಾಕ್ತಿರಲಿಲ್ಲ."

"ಅದನ್ನ ನಂಗೆ ಯಾರೂ ಹೇಳ್ಲಿಲ್ವಲ್ಲ, ಒಡ್ಯಾ."

ಫೌಜದಾರರಿಗೆ ಅಯ್ಯೋ ಅನಿಸಿತು. ಆದರೂ ಕಳವಿನ ಆರೋಪದ ಮೇಲೆ ದಸ್ತಗಿರಿ ಮಾಡಿದರು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುತ್ತೀಯಾ ಎಂದು ಕೇಳಿದರು.

"ಕೊಡ್ತೆ," ಎಂದ ದೇವು. "ಮಾಬ್ಲನ ಕೈ ಗಿರಣೀಲೇ ಹೋತು ಅಂತ ಮೊದ್ಲು ಹೇಳ್ತೆ. ಕಳವಿನ ಮಾತು ಆಮೇಲೆ."