ಕ್ವಾರಿ ಮಣ್ಣಿನ ಪೈರು

ಆಡಿನ ಹಿಕ್ಕೆಯನ್ನು ಪುಡಿ ಮಾಡಿ ಡಬ್ಬದ ಮಣ್ಣಿಗೆ ಬೆರೆಸುವಾಗ ಮುನಿರತ್ನ ಬೇಲಿಯತ್ತಲೇ ಕಣ್ಣಿಟ್ಟಿದ್ದಳು. ದನಗಳಿಗೆ ನೀರು ಕುಡಿಸಲು ಹೋದ ಅಪ್ಪ ವಾಪಸು ಬರುವಷ್ಟರಲ್ಲಿ ಮುಗಿಸಬೇಕು. ಬೇಲಿಯಾಚೆ ಎಲೆ ಅಲ್ಲಾಡಿದರೂ ಜೀವ ಬಾಯಿಗೆ ಬರುತ್ತಿತ್ತು.

ಜಗಲಿಯ ಮೇಲೆ ಎರಡು ಡಾಲ್ಡಾ ಡಬ್ಬ. ಒಂದರಲ್ಲಿ ಪಕ್ಕದ ಹೊಲದ ಕೆಂಪು ಮಣ್ಣು, ಇನ್ನೊಂದರಲ್ಲಿ ಕ್ವಾರಿಯ ಬೂದು ಮಣ್ಣು. ಎರಡರಲ್ಲೂ ರಾಗಿ. ಡೆಂಕಣಿಕೋಟೆ ಪಕ್ಕದ ಅವರ ಹೊಲವನ್ನು ಕಲ್ಲು ಕ್ವಾರಿಯವರು ಗುತ್ತಿಗೆಗೆ ಹಿಡಿದು, ಅಗೆದು, ಕೊನೆಗೆ ಕಲ್ಲುಪುಡಿಯನ್ನೇ ಹಳ್ಳಕ್ಕೆ ತುಂಬಿ ಮಟ್ಟ ಮಾಡಿ ಹಿಂದಕ್ಕೆ ಕೊಟ್ಟಿದ್ದರು. ಅಲ್ಲಿ ಬೆಳೆ ಬರುತ್ತದೋ ಇಲ್ಲವೋ ನೋಡಲು ಕೃಷ್ಣಗಿರಿಯ ಮಣ್ಣು ಪರೀಕ್ಷೆ ಆಫೀಸಿನಿಂದ ಚಿನ್ನಸ್ವಾಮಿ ಬಂದಿದ್ದ. ಅಪ್ಪ ದೊಡ್ಡವೆಂಕಟಪ್ಪನಿಗೆ ಲ್ಯಾಬಿನ ನಂಬರುಗಳ ಮೇಲೆ ನಂಬಿಕೆ ಇರಲಿಲ್ಲ. "ನನ್ ಕಣ್ಮುಂದೆ ಬೆಳ್ದು ತೋರ್ಸಪ್ಪಾ" ಎಂದಿದ್ದ. ಅದಕ್ಕೇ ಈ ಡಬ್ಬಗಳು.

ಪೈರು ಬಂದರೆ ಇಲ್ಲೇ ಉಳಿಯುವುದು. ಸತ್ತರೆ ಜವಳಗಿರಿಗೆ ಹೋಗಿ, ತೀರಿಕೊಂಡ ಅಮ್ಮನ ತಮ್ಮ ಮುನಿಕೃಷ್ಣಪ್ಪನ ಹೊಲದಲ್ಲಿ ದುಡಿಯುವುದು, ಮುನಿರತ್ನಳನ್ನು ಅದೇ ಸೋದರಮಾವನಿಗೆ ಕೊಡುವುದು. ಅಪ್ಪ ಹೇಳಿ ಆಗಿತ್ತು.

ಮಾವ ಕೆಟ್ಟವನೇನಲ್ಲ. ಆದರೆ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, ಪೈರಿಗೆ ಸ್ಕೇಲು ಹಿಡಿಯುವ ನೆಪದಲ್ಲಿ ಅವಳತ್ತ ಕಣ್ಣು ಹಾಯಿಸಿ, ಸಿಕ್ಕಿಬಿದ್ದು ಕಿವಿ ಕೆಂಪಗೆ ಮಾಡಿಕೊಳ್ಳುವವನು ಮಾವನಲ್ಲವಲ್ಲ!

"ಸ್ಕೇಲು ತಲೆಕೆಳಗಾಗೈತೆ ಸಾರ್" ಎಂದು ಒಂದು ಸಲ ಕಾಲೆಳೆದಿದ್ದಳು.

"ಗೊತ್ತು, ಗೊತ್ತು" ಎಂದಿದ್ದ, ಹಾಗೇ ಹಿಡಿದುಕೊಂಡು.

ಇವತ್ತು ಚಿನ್ನಸ್ವಾಮಿ ಬಂದಾಗ ಅವಳಿಗೆ ನಗು ಬರಲಿಲ್ಲ. ಕ್ವಾರಿ ಮಣ್ಣಿನ ಪೈರು ಕೆಂಪು ಮಣ್ಣಿನ ಪೈರಿಗಿಂತ ಎತ್ತರ ನಿಂತಿತ್ತು. ಆಸೆಗೆ ಬಿದ್ದು ದಿನಾ ಬೆರೆಸಿ ಗೊಬ್ಬರ ಅತಿ ಮಾಡಿಬಿಟ್ಟಿದ್ದಳು.

ಚಿನ್ನಸ್ವಾಮಿ ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದ. ಮೂಸಿದ. ಮೆಲ್ಲಗೆ ತಲೆಯೆತ್ತಿ ಅವಳನ್ನು ನೋಡಿದ. ಮುನಿರತ್ನ ಕಂಬಕ್ಕೆ ಒರಗಿ ನೆಲ ನೋಡಿದಳು.

ಅಷ್ಟರಲ್ಲಿ ಅಪ್ಪ ಬಂದ. ಡಬ್ಬ ನೋಡಿ ಅವನ ಮುಖ ಅರಳಿತು. "ಬಂತಲ್ಲಪ್ಪಾ! ನಾಳೆನೇ ನೇಗ್ಲು ಹೂಡ್ತೀನಿ. ಮನೇಲಿರೋ ರಾಗಿನೆಲ್ಲಾ ಬಿತ್ಬುಡ್ತೀನಿ!"

ಮನೆಯಲ್ಲಿದ್ದದ್ದು ಮುಂದಿನ ಸುಗ್ಗಿಯ ತನಕ ಉಣ್ಣಬೇಕಾದ ರಾಗಿ. ಚಿನ್ನಸ್ವಾಮಿ ಏನಾದರೂ ಹೇಳುತ್ತಾನೆಂದು ಮುನಿರತ್ನ ಕಾದಳು. ಅವನು ತನ್ನ ಸೈಕಲ್ಲಿನ ಚೀಲದತ್ತ ನೋಡಿದ.

"ಅಪ್ಪಾ, ಬಿತ್ಬೇಡ" ಎಂದಳು. "ಆ ಡಬ್ಬಕ್ಕೆ ನಾನೇ ಕದ್ದು ಗೊಬ್ಬರ ಹಾಕಿದ್ದೀನಿ."

ಅಪ್ಪ ಕೈ ಎತ್ತಲಿಲ್ಲ, ಬೈಯಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

"ಯಾಕವ್ವಾ?"

"ಜವಳಗಿರಿಗೆ ಹೋಗಾಕೆ ಭಯ ಆಗಿತ್ತು."

ಆಗ ಚಿನ್ನಸ್ವಾಮಿ ಸೈಕಲ್ಲಿನ ಚೀಲದಿಂದ ಮೂರನೆಯ ಡಬ್ಬ ತೆಗೆದು ಜಗಲಿಯ ಮೇಲಿಟ್ಟ. ಅದರಲ್ಲಿ ಪೈರು ಒಣಗಿ ಹುಲ್ಲುಕಡ್ಡಿಯಾಗಿತ್ತು. "ಇದೂ ನಿಮ್ ಹೊಲದ ಮಣ್ಣೇ. ನನ್ ರೂಮಲ್ಲಿ ಬೆಳೆಸ್ತಿದ್ದೆ. ಹೋದ ವಾರ ಸತ್ತೋಯ್ತು."

"ಹೋದ ವಾರಾನಾ? ಯಾಕಪ್ಪಾ ಹೇಳ್ಲಿಲ್ಲ?"

"ಇವತ್ತು ಹೇಳ್ಬೇಕು ಅಂತಲೇ ತಂದೆ. ಹೇಳಿದ್ರೆ ನೀವು ಊರು ಬಿಟ್ಟು ಹೋಗ್ಬುಡ್ತೀರಾ ಅಂತ... ನಂಗೂ ಭಯ ಆಯ್ತು."

ಮುನಿರತ್ನ ತಲೆಯೆತ್ತಿದಳು. ಅವನ ಕಿವಿ ಕೆಂಪಾಗಿತ್ತು.

ಅಪ್ಪ ಸತ್ತ ಪೈರನ್ನೊಮ್ಮೆ, ಬದುಕಿದ ಪೈರನ್ನೊಮ್ಮೆ ನೋಡಿದ. "ಹಂಗಾದ್ರೆ ನನ್ ಹೊಲ ಸತ್ತಂಗೇನಾ?"

"ಬರೀ ಮಣ್ಣಲ್ಲಿ ಏನೂ ಬರಲ್ಲ. ಗೊಬ್ಬರ ಉಂಡ್ರೆ ಚೇತರಿಸ್ಕೊಳುತ್ತೆ ಅಂತ ಇವ್ರ ಡಬ್ಬ ತೋರಿಸ್ತಾ ಐತೆ. ಆದ್ರೆ ಡಬ್ಬದಲ್ಲಿ ಬಂದಿದ್ದು ಹೊಲದಲ್ಲಿ ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಕುರಿಮಂದೆ ತಂದು ಹೊಲದಲ್ಲೇ ತಂಗಿಸ್ಬೇಕು. ಹುರುಳಿ ಹಾಕಿ ಹಸಿರಲ್ಲೇ ಉತ್ಬುಡ್ಬೇಕು. ರಾಗಿ ಆಮೇಲೆ. ಎರಡು ವರ್ಷ ಹಿಡೀತೈತೆ."

"ಎರಡು ವರ್ಷ!" ಅಪ್ಪ ತಲೆಯಾಡಿಸಿದ. "ಅಷ್ಟು ದಿನ ಜವಳಗಿರಿಯೋರು ಹೆಣ್ಣಿಗೆ ಕಾಯಲ್ಲ ಕಣಪ್ಪಾ."

"ನಾನು ಕಾಯ್ತೀನಿ."

ಅಂದ ಚಿನ್ನಸ್ವಾಮಿ, ಮಣ್ಣಾದ ಬೆರಳನ್ನು ಅಂಗಿಗೇ ಒರೆಸಿಕೊಳ್ಳುತ್ತಾ.

ಅಪ್ಪ ಅವನನ್ನೇ ದಿಟ್ಟಿಸಿದ. "ಊರಲ್ಲಿ ನಿಮ್ಮಪ್ಪನಿಗೆ ಗೊತ್ತಾ?"

"ಇಲ್ಲ. ಹೇಳಾಕೂ ಭಯ."

"ಇಬ್ರೂ ಒಳ್ಳೇ ಪುಕ್ಕಲ್ರೇ ಸಿಕ್ಕಿದ್ರಿ" ಎಂದು ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಮೆಟ್ಟಿಲಿಳಿದು ಹಿಂದಿರುಗಿ ನೋಡಿದ. "ಕುರಿ ಹನುಮಯ್ಯನ್ನ ಮಂದೆ ಬಿಡ್ತಾನಾ ಅಂತ ಕೇಳ್ಕೊಂಡ್ ಬತ್ತೀನಿ. ಅಲ್ಲೀಗಂಟ ಆ ಡಬ್ಬ ಯಾರೂ ಮುಟ್ಬೇಡಿ."

ಅಪ್ಪ ಬೇಲಿ ದಾಟಿದ.

"ಹನುಮಯ್ಯ ಒಪ್ದಿದ್ರೆ?" ಎಂದು ಅವಳು ಪಿಸುಗುಟ್ಟಿದಳು. "ಮಳೆ ಕೈಕೊಟ್ರೆ? ಪೈರು ಬಂದ್ಮೇಲೆ ಆನೆ ನುಗ್ಗಿದ್ರೆ?"

ಚಿನ್ನಸ್ವಾಮಿ ಸತ್ತ ಪೈರಿನ ಡಬ್ಬವನ್ನು ಪಕ್ಕಕ್ಕೆ ಸರಿಸಿ ಅವಳ ಎದುರಿಗೆ ಕೂತ.

"ಇನ್ನೊಂದು ವರ್ಷ ಕಾಯ್ತೀನಿ" ಎಂದ.