ಹನ್ನೊಂದು ನಿಮಿಷದ ಮೌನ

ಆ ದಿನ ಬೆಳಿಗ್ಗೆ ಆಫೀಸಿನ ಫೋನು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಯಾರ ಮುಖ ನೋಡಿ ಎದ್ದೆನೋ, ಒಳ್ಳೆಯ ದಿನ ಎಂದುಕೊಂಡೆ.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಇಂಟರ್ನೆಟ್ ಕಂಪನಿ. ಹೊರಕೋಣೆಯಲ್ಲಿ ಕೂತು ದೂರು ಬರೆದುಕೊಳ್ಳುವುದು, ಅಂದರೆ ಬೈಸಿಕೊಳ್ಳುವುದು, ನನ್ನ ಕೆಲಸ. ಗುಡ್ಡದಾಚೆಯ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ನಮ್ಮ ಮಹಡಿಯ ಡಿಶ್‌ನಿಂದ ಗುಡ್ಡದ ಟವರಿಗೆ, ಟವರಿನಿಂದ ಕಣಿವೆಯ ಮುನ್ನೂರು ಮನೆಗಳಿಗೆ ಗಾಳಿಯಲ್ಲೇ ನೆಟ್ ಹೋಗುತ್ತದೆ. ಅಲ್ಲಿನವರು ಫೋನ್ ಮಾಡುವುದೂ ಅದೇ ನೆಟ್‌ನಲ್ಲಿ.

ಹನ್ನೊಂದೂಕಾಲಿಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಕಣಿವೆಯ ಆರೋಗ್ಯ ಕೇಂದ್ರದ ಕಾಂಪೌಂಡರ್ — ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಬದುಕಿದೀರಾ ಇಲ್ಲಿ ಯಾರಾದ್ರೂ? ನೆಟ್ ಹೋಗಿ ಮುಕ್ಕಾಲು ಗಂಟೆ ಆಯ್ತು! ಬೇಕರಿಯವರ ಹೆಂಡತಿಗೆ ಎದೆನೋವು. ಇಸಿಜಿ ತೆಗೆದು ಕೂತಿದ್ದೀವಿ, ದೊಡ್ಡಾಸ್ಪತ್ರೆ ಡಾಕ್ಟರಿಗೆ ಕಳಿಸೋಕೇ ಆಗ್ತಿಲ್ಲ!"

ಆಗ ಹೊಳೆಯಿತು. ಫೋನು ಸುಮ್ಮನಿದ್ದದ್ದು ಎಲ್ಲ ಸರಿಯಿದ್ದದ್ದಕ್ಕಲ್ಲ. ಕೂಗಿಕೊಳ್ಳಲು ಕಣಿವೆಗೆ ಬಾಯೇ ಇರಲಿಲ್ಲ.

ಟವರಿನ ರೂಟರ್‌ನ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿದ್ದವು. ಅಂಗಡಿಯಿಂದ ತಂದ ಹೊಸ ಪೆಟ್ಟಿಗೆಯ ಹಾಗೆ ಅದು ಖಾಲಿ ಕೂತಿತ್ತು. ನಮ್ಮ ಟವರ್ ಹತ್ತುವವನು ಅದನ್ನು ಒಂದೊಂದಾಗಿ ಮತ್ತೆ ಕಟ್ಟಿ ನೆಟ್ ತಂದಾಗ ಮಧ್ಯಾಹ್ನ ಒಂದು ನಲವತ್ತು. ಅಷ್ಟರಲ್ಲಿ ಬೇಕರಿಯವರ ಹೆಂಡತಿಯನ್ನು ಹಾಲಿನ ವ್ಯಾನಿನಲ್ಲಿ ಮಲಗಿಸಿಕೊಂಡು ಗುಡ್ಡ ದಾಟಿಸಿದ್ದರು. ಆಕೆ ಬದುಕಿದಳು. ಆದರೆ ಎರಡು ಗಂಟೆ ಮೊದಲೇ ಮದ್ದು ಬಿದ್ದಿದ್ದರೆ ಹೃದಯ ಇಷ್ಟು ಕೆಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಸಂಜೆಗೆ ಕಂಪನಿಯ ಯಜಮಾನ ಗ್ರಾಹಕರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ. ಕೆಳಗೆ ಬರೆದಿದ್ದ: "ನಿಮ್ಮ ನೆಟ್ ಕತ್ತರಿಸಿದವನು ಇವನೇ. ದೊಡ್ಡ ಕಂಪನಿಯ ಏಜೆಂಟನ ಜೊತೆ ಸೇರಿ ಉಂಡ ಮನೆಗೆ ದ್ರೋಹ ಬಗೆದಿದ್ದಾನೆ. ಇಂದೇ ಕೆಲಸದಿಂದ ತೆಗೆದಿದ್ದೇನೆ." ಜೊತೆಗೆ ಸಾಕ್ಷಿಯೆಂದು ಆಫೀಸಿನ ಕಂಪ್ಯೂಟರಿನ ದಾಖಲೆಯಿಂದ ಒಂದು ಸಾಲು — ಹತ್ತು ನಲವತ್ತೆರಡು, ಗುಡ್ಡದ ಟವರ್, ಒಳಬಂದವರು: ಗಿಡುಗ. ಸೆಟ್ಟಿಂಗ್ ಅಳಿಸಲಾಗಿದೆ.

ಗಿಡುಗ ಎಂದರೆ ನಮ್ಮ ಟವರ್ ಹತ್ತುವವನು. ಎಷ್ಟೆತ್ತರಕ್ಕಾದರೂ ಹತ್ತುತ್ತಾನೆಂದು ಇಟ್ಟ ಅಡ್ಡಹೆಸರು, ಲಾಗಿನ್ನಿಗೂ ಅದೇ. ನನಗೆ ಅವನು ಭಾವ, ನನ್ನ ಅಕ್ಕನ ಗಂಡ.

"ಸರ್, ಭಾವ ಅಂಥವರಲ್ಲ," ಎಂದೆ.

"ನಿನ್ನ ಭಾವ ಅಂತ ನೀನು ಹೇಳ್ತೀಯ. ಬಾಯಿ ಮುಚ್ಕೊಂಡು ಕೆಲಸ ನೋಡು. ಇಲ್ದಿದ್ರೆ ನಿನಗೂ ಅದೇ ದಾರಿ."

ಮರುದಿನ ಅಕ್ಕನ ಮನೆಯ ಕಿಟಕಿಗೆ ಕಲ್ಲು ಬಿತ್ತು. ಶಾಲೆಯಲ್ಲಿ ಅಕ್ಕನ ಮಗಳು ಪುಟ್ಟಿಯನ್ನು ಪಕ್ಕದ ಹುಡುಗಿ ಬೆಂಚಿನಿಂದ ಎಬ್ಬಿಸಿದಳು. ಭಾವ ಮಾತ್ರ ಗೋಡೆಗೊರಗಿ ಕೂತು ಒಂದೇ ಮಾತು ಹೇಳುತ್ತಿದ್ದ: "ನಾನು ಹೋದಾಗ್ಲೇ ರೂಟರ್ ಸತ್ತಿತ್ತು ಕಣೇ. ಯಾರಿಗೆ ಹೇಳ್ಲಿ?"

ನನ್ನ ಮೈ ಉರಿದುಹೋಯಿತು. ಮಧ್ಯಾಹ್ನ ಊಟ ಬಿಟ್ಟು ನೇರವಾಗಿ ಎಕ್ಸ್‌ಚೇಂಜ್ ಅಮ್ಮನ ಮನೆಗೆ ನಡೆದೆ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನುಗಳ ಜಾತಕ ನೋಡಿ ನಿವೃತ್ತಿಯಾದ ಹೆಂಗಸು ಆಕೆ. ಲೈನಿನ ಕರಕರ ಕೇಳಿಯೇ ಎಲ್ಲಿ ನೀರು ಕೂತಿದೆ, ಎಲ್ಲಿ ಇಲಿ ಕಡಿದಿದೆ ಎಂದು ಹೇಳುತ್ತಿದ್ದರಂತೆ. ತೊಡಕೊಂದೇ: ಆಕೆ ನಮ್ಮ ಯಜಮಾನನ ಸೋದರತ್ತೆ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವರು.

ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ನೀನು ಅವನ ನಾದಿನಿ. ನಾನು ಇವನ ಅತ್ತೆ. ಇಬ್ಬರ ಮಾತನ್ನೂ ಯಾರೂ ನಂಬಬಾರದು," ಎಂದರು. "ನಡಿ, ನಂಬೋ ಅಂಥದ್ದು ಏನಾದ್ರೂ ಸಿಗುತ್ತಾ ನೋಡೋಣ."

ಆಟೋ ಹಿಡಿದು ಗುಡ್ಡ ಹತ್ತಿದೆವು. ಟವರಿನ ಪಕ್ಕದಲ್ಲೇ ನೀರಿನ ಟ್ಯಾಂಕು. ಅದರ ಕಾವಲುಗಾರ ಭಾವನನ್ನು ಕಣ್ಣಾರೆ ಕಂಡ ಸಾಕ್ಷಿ.

"ಎಷ್ಟೊತ್ತಿಗೆ ಬಂದ ಅವನು?"

"ಹತ್ತು ನಲವತ್ತಕ್ಕೆ ಪಂಪು ಹಾಕ್ತೀನಮ್ಮ ದಿನಾ. ಸ್ವಿಚ್ ಮೇಲೆ ಕೈಯಿಟ್ಟೆ, ಬೈಕ್ ಬಂತು."

"ಬಂದು?"

"ಬಂದವನೇ ಪೆಟ್ಟಿಗೆ ಬಾಗಿಲು ತೆಗೆದ. ಲ್ಯಾಪ್‌ಟಾಪ್ ಸಿಕ್ಕಿಸಿದ. ತಲೆ ತಲೆ ಚಚ್ಕೊಂಡ."

"ತಲೆ ಚಚ್ಕೊಂಡಿದ್ದನ್ನ ಯಜಮಾನರಿಗೆ ಹೇಳಿದ್ಯಾ?"

"ಅದನ್ನ ಅವ್ರು ಕೇಳ್ಲಿಲ್ಲ. ಟೈಮ್ ಎಷ್ಟು ಅಂತ ಮಾತ್ರ ಕೇಳಿದ್ರು. ಹನ್ನೆರಡಕ್ಕೇ ಫೋನ್ ಮಾಡಿದ್ರು."

ಅಮ್ಮನ ಹುಬ್ಬು ಮೇಲೇರಿತು. "ಹನ್ನೆರಡಕ್ಕೆ? ಸಂಜೆ ಅಲ್ಲ?"

"ಹನ್ನೆರಡಕ್ಕಮ್ಮ. ನಾನು ಬುತ್ತಿ ಬಿಚ್ತಿದ್ದೆ."

ಅಲ್ಲಿಂದ ಅಕ್ಕನ ಮನೆ. ಯಜಮಾನನ ಅತ್ತೆ ಎಂದು ತಿಳಿದದ್ದೇ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಇನ್ನೇನು ಉಳಿದಿದೆ ಅಂತ ಬಂದ್ರಿ?" ಅಮ್ಮ ಹೊಸ್ತಿಲಾಚೆಯೇ ಕೂತುಬಿಟ್ಟರು. ಭಾವನೇ ಹೊರಗೆ ಬಂದ.

"ಗುಡ್ಡಕ್ಕೆ ಯಾರು ಕಳಿಸಿದ್ದು ನಿನ್ನ?"

"ಯಾರೂ ಇಲ್ಲಮ್ಮ. ಇಲ್ಲೇ ಒಬ್ಬರ ಮನೆ ಡಿಶ್ ತಿರುಗಿಸ್ತಿದ್ದೆ. ಮೊಬೈಲ್‌ನಲ್ಲಿ ಟವರಿನ ಹಸಿರು ಚುಕ್ಕೆ ಕೆಂಪಾಯ್ತು. ಆರೋಗ್ಯ ಕೇಂದ್ರದ ಹೊತ್ತು ಅಲ್ವಾ, ಓಡಿದೆ."

"ಪೆಟ್ಟಿಗೆ ತೆಗೆದಾಗ ಏನು ಕಂಡೆ? ಇದ್ದದ್ದು ಇದ್ದಹಾಗೆ ಹೇಳು."

"ಕರೆಂಟ್ ಇತ್ತು. ದೀಪ ಎಲ್ಲ ಉರೀತಿತ್ತು. ಸೆಟ್ಟಿಂಗ್ ಒಂದೂ ಇಲ್ಲ. ಮತ್ತೆ… ಅದರಲ್ಲಿದ್ದದ್ದು ಆರನೇ ವರ್ಷನ್ ಸಾಫ್ಟ್‌ವೇರ್. ನಾನು ನೋಡಿದಾಗ ಏಳು ಅಂತ ತೋರಿಸ್ತಿತ್ತು. ಬೆಳಗಿನ ಹೊತ್ತು ಅಪ್‌ಡೇಟ್ ಮುಟ್ಟಬೇಡಿ, ಬ್ಯಾಕಪ್ ಇಲ್ದೆ ಅಂತೂ ಮುಟ್ಟಲೇಬೇಡಿ ಅಂತ ನಾನೇ ನೂರು ಸಲ ಹೇಳಿದೀನಿ."

"ಇದನ್ನ ಯಜಮಾನರಿಗೆ ಹೇಳಿದ್ಯಾ?"

"ಹೇಳೋಕೆ ಹೋದೆ. ಫೋಟೋ ಹಾಕಿಯಾಗಿತ್ತು."

ಅಮ್ಮ ಎದ್ದು ಸೀರೆಯ ಧೂಳು ಕೊಡವಿದರು. ಮುಖ ಕೆಂಪೇರಿತ್ತು. ಆಟೋದಲ್ಲಿ ಎರಡೇ ಪ್ರಶ್ನೆ ಕೇಳಿದರು.

"ನಿನ್ನೆ ನಿಮ್ಮ ಇಂಜಿನಿಯರ್ ಇದ್ನಾ?"

"ರಜೆ. ಮೂರು ದಿನದಿಂದ ಊರಲ್ಲೇ ಇಲ್ಲ."

"ದಾಖಲೆಯ ಕಂಪ್ಯೂಟರ್ ಯಾವ ಕೋಣೇಲಿರೋದು?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆಟೋದವನಿಗೆ ಕೇಳದಂತೆ ಬಗ್ಗಿ ಹೇಳಿದೆ. "ಒಳಗಿನ ಕೋಣೆ, ಯಜಮಾನರದ್ದು."

ನಾವು ಒಳಕೋಣೆಗೆ ನುಗ್ಗಿದಾಗ ಯಜಮಾನ ಬೆಳಕಿಗೆ ಬೆನ್ನು ಮಾಡಿ ಕೂತಿದ್ದ. "ಅತ್ತೆ! ನೀವ್ಯಾಕೆ ಮೆಟ್ಟಿಲು ಹತ್ತೋಕೆ ಹೋದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ…"

"ಊರಿಗೆಲ್ಲ ಒಂದು ಸಾಲು ತೋರಿಸಿದೀಯಲ್ಲ, ಅದರ ಇಡೀ ಪುಟ ತೋರಿಸು."

"ಅದೆಲ್ಲ ನಿಮಗೆ ಅರ್ಥ ಆಗಲ್ಲ ಅತ್ತೆ. ನಿಮ್ಮ ಕಾಲದ ತಂತಿ ಫೋನಲ್ಲ ಇದು."

"ಅರ್ಥ ಆಗದಿದ್ರೆ ಎದ್ದು ಹೋಗ್ತೀನಿ. ತೋರಿಸೋಕೆ ನಿನಗೇನು ಕಷ್ಟ?"

ಅವನು ನನ್ನತ್ತ ಕೆಕ್ಕರಿಸಿ ನೋಡಿದ. ಆದರೆ ಅತ್ತೆಗೆ ಇಲ್ಲ ಎನ್ನಲಾಗಲಿಲ್ಲ. ಪ್ರಿಂಟರ್ ಕಿರುಗುಟ್ಟುತ್ತ ನಾಲ್ಕು ಹಾಳೆ ಉಗುಳಿತು.

ಅಮ್ಮ ಬೆರಳಿಟ್ಟು ಓದತೊಡಗಿದರು. ಬಹಳ ಹೊತ್ತಾಗಲಿಲ್ಲ.

"ಇಲ್ಲಿ ಪ್ರತಿ ನಿಮಿಷಕ್ಕೂ 'ಗುಡ್ಡದ ಟವರ್, ಹಾಜರ್' ಅಂತಿದೆ. ಏನಿದು?" ಎಂದು ನನ್ನನ್ನು ಕೇಳಿದರು.

"ಟವರಿನ ರೂಟರ್ ನಿಮಿಷಕ್ಕೊಮ್ಮೆ ತಾನು ಬದುಕಿದೀನಿ ಅಂತ ಇಲ್ಲಿಗೆ ಹೇಳುತ್ತೆ ಅಮ್ಮ."

"ಗಾಳಿಯಲ್ಲಿ, ಆ ಡಿಶ್ ಮೂಲಕ?"

"ಹೌದು."

"ಸೆಟ್ಟಿಂಗ್ ಹೋಗಿ ಡಿಶ್ ಸತ್ರೆ?"

"ಹೇಳೋಕಾಗಲ್ಲ. ಇಲ್ಲಿಗೆ ಏನೂ ಬರಲ್ಲ."

ಅಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹತ್ತು ಇಪ್ಪತ್ತೊಂಬತ್ತು, ಹಾಜರ್. ಮೂವತ್ತು, ಹಾಜರ್. ಮೂವತ್ತೊಂದು, ಹಾಜರ್. ಆಮೇಲೆ? ಮೂವತ್ತೆರಡು ಇಲ್ಲ. ಮೂವತ್ತಮೂರು ಇಲ್ಲ. ಹನ್ನೊಂದು ನಿಮಿಷ ಉಸಿರಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ನಲವತ್ತೆರಡಕ್ಕೆ, 'ಗಿಡುಗ ಒಳಗೆ ಬಂದ'. ಮತ್ತೆ ಒಂದು ನಲವತ್ತರವರೆಗೂ ಮೌನ. ಬದುಕಿದೀನಿ ಅಂತ ಹೇಳೋಕಾಗದ ಪೆಟ್ಟಿಗೆ, ಯಾರು ಬಂದ್ರು ಅಂತ ಚಾಡಿ ಹೇಳ್ತಾ?"

ಯಜಮಾನ ಹಾಳೆಯತ್ತ ಬಗ್ಗಿದ. "ಅದು… ಅದರೊಳಗೇ ಉಳಿದಿದ್ದು ಆಮೇಲೆ ಬಂದಿರಬಹುದು."

"ಆಮೇಲೆ ಬಂದಿದ್ರೆ ಒಂದು ನಲವತ್ತರ ಕೆಳಗಿರ್ತಿತ್ತು. ಬಂದ ಹಾಗೆ ಬರ್ಕೊಳ್ಳೋ ದಾಖಲೆ ಅಲ್ವಾ ಇದು? ಅದೂ ಹೋಗಲಿ — ಎಲ್ಲ ಅಳಿಸಿಹೋದ ಪೆಟ್ಟಿಗೆಗೆ ಏನು ಜ್ಞಾಪಕ ಇರುತ್ತೆ?"

ಯಜಮಾನ ಹಾಳೆ ಎಳೆದುಕೊಳ್ಳಲು ಕೈ ಚಾಚಿದ, ಅಮ್ಮ ಅದರ ಮೇಲೆ ಅಂಗೈ ಊರಿದರು.

"ಈ ಸಾಲು ಗುಡ್ಡದಿಂದ ಬಂದಿಲ್ಲ. ಈ ಕುರ್ಚಿ ಮೇಲೆ ಕೂತು ಯಾರೋ ಟೈಪ್ ಮಾಡಿದ್ದು. ಇಂಜಿನಿಯರ್ ಊರಲ್ಲಿಲ್ಲ. ಇವಳು ಹೊರಕೋಣೇಲಿದ್ಲು, ಬೀಗದ ಕೈ ನಿನ್ನ ಸೊಂಟದಲ್ಲಿದೆ. ಹತ್ತು ಮೂವತ್ತೊಂದಕ್ಕೆ ಇಲ್ಲಿಂದ ಏಳನೇ ವರ್ಷನ್ ಕಳಿಸಿದವನು ನೀನು. ಬ್ಯಾಕಪ್ ತೆಗೀಲಿಲ್ಲ. ಪೆಟ್ಟಿಗೆ ಬರಿದಾಯ್ತು. ನಿನ್ನ ಸಾಲು ಅಳಿಸಿದೆ, ಅವನ ಹೆಸರು ಸೇರಿಸಿದೆ. ಹೊತ್ತು ಹೊಂದಬೇಕಲ್ಲ? ಅದಕ್ಕೇ ಹನ್ನೆರಡಕ್ಕೆ ಕಾವಲುಗಾರನಿಗೆ ಫೋನ್. ಅವನು ಟವರ್ ರಿಪೇರಿ ಮಾಡ್ತಿರೋವಾಗ್ಲೇ, ಇಲ್ಲಿ ಕೂತು ಅವನ ಹೆಸರಿಗೆ ಮಸಿ ಕಲಸ್ತಿದ್ದೆ ನೀನು!"

ಯಜಮಾನನ ಭುಜಗಳು ಕುಸಿದವು.

"ಒಂದು ಬಟನ್ ಅತ್ತೆ… ಒಂದೇ ಒಂದು. ಅಪ್‌ಡೇಟ್ ಬಂದಿದೆ ಅಂತ ಕೆಂಪಗೆ ತೋರಿಸ್ತಿತ್ತು. ನನಗೂ ಬರುತ್ತೆ ಅಂತ ಒತ್ತಿದೆ. ಈ ಕಂಪನಿ ಕಟ್ಟಿದ್ದು ನಾನು. ಕಣಿವೇಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಏನಾದ್ರೂ ಸರಿ, 'ಗಿಡುಗನ್ನ ಕಳಿಸಿ' ಅಂತಾರೆ. ಆ ಹೆಂಗಸಿಗೆ ಹಾಗಾಯ್ತು ಅಂತ ಕೇಳಿದಾಗ ಕೈಕಾಲು ಆಡ್ಲಿಲ್ಲ. ಹೆದರಿಬಿಟ್ಟೆ."

"ಹೆದರಿದ್ದು ಹನ್ನೊಂದೂಕಾಲಿಗೆ. ಫೋಟೋ ಹಾಕಿದ್ದು ಸಂಜೆಗೆ," ಎಂದರು ಅಮ್ಮ. "ನಡುವೆ ಇಡೀ ಒಂದು ಮಧ್ಯಾಹ್ನ ಇತ್ತಲ್ಲೋ. ಒಂದು ಗಳಿಗೆನಾದ್ರೂ ಅವನ ಹೆಂಡತಿ ಮಕ್ಕಳ ನೆನಪಾಗ್ಲಿಲ್ವಾ?"

ಬಾಯಿ ಮುಚ್ಚಿಕೊಂಡಿರು ಎಂದವನ ಮುಂದೆ ಮೊದಲ ಸಲ ಬಾಯಿ ತೆರೆದೆ. "ನಾನು ಭಾವ ಅಂತ ಹೇಳ್ತೀನಿ ಅಂದ್ರಲ್ಲ ಸರ್? ಇವತ್ತು ನಿಮ್ಮತ್ತೆ ಹೇಳಿದ್ದಾರೆ. ಈಗೇನಂತೀರಿ?"

ಅವನು ತಲೆ ಎತ್ತಲಿಲ್ಲ. "ಅತ್ತೆ, ಏನೋ ತಾಂತ್ರಿಕ ತಪ್ಪು ಅಂತ ನೀವೇ ಎಲ್ಲರಿಗೂ…"

"ನಾನಾ?" ಅಮ್ಮ ಮೇಜಿನ ಮೇಲಿದ್ದ ಮೊಬೈಲನ್ನು ಅವನ ಮುಂದಕ್ಕೆ ತಳ್ಳಿದರು. "ಅದೇ ಗುಂಪು. ನಿನ್ನ ಹೆಸರು, ನಿನ್ನ ದನಿ. 'ತಾಂತ್ರಿಕ' ಅನ್ನೋ ಶಬ್ದ ಬಂದ್ರೆ ಈ ಹಾಳೆಗಳನ್ನ ನಾನೇ ಪೊಲೀಸ್ ಸ್ಟೇಷನ್ನಿಗೆ ತಗೊಂಡು ಹೋಗ್ತೀನಿ. ನಾಳೆ ಬೆಳಿಗ್ಗೆ ಬೇಕರಿ ಮನೆಗೆ ನೀನೊಬ್ಬನೇ ಹೋಗ್ಬೇಕು. ಅವರು ಕೇಸು ಹಾಕಿದ್ರೆ ಕೋರ್ಟಿಗೂ ನೀನೊಬ್ಬನೇ."

ಮಾಡಿದ್ದನ್ನೆಲ್ಲ ಅವನು ಗುಂಪಿಗೆ ದನಿಯಲ್ಲೇ ಹೇಳಿ ಕಳಿಸಿದ. ಮೂರು ಸಲ ತಡವರಿಸಿ, ನಾಲ್ಕನೇ ಸಲಕ್ಕೆ ಪೂರ್ತಿ ಹೇಳಿದ.

ಸೂರ್ಯ ಇಳಿಯುವ ಮೊದಲೇ ಮೂವರೂ ಅಕ್ಕನ ಮನೆಯ ಮುಂದೆ ನಿಂತಿದ್ದೆವು. ಒಡೆದ ಗಾಜಿಗೆ ಭಾವ ರಟ್ಟು ಅಂಟಿಸುತ್ತಿದ್ದ. ಯಜಮಾನ ಕೈ ಮುಗಿದ.

"ತಪ್ಪಾಯ್ತು. ನಾಳೆಯಿಂದ ಕೆಲಸಕ್ಕೆ ಬಂದುಬಿಡು. ನೀನಿಲ್ದೆ ಟವರ್…"

ಭಾವ ರಟ್ಟನ್ನು ಕೆಳಗಿಟ್ಟ. "ಸರ್, ನೀವು ಕ್ಷಮೆ ಕೇಳೋಕೆ ಬಂದ್ರಾ, ಕೆಲಸಕ್ಕೆ ಕರೆಯೋಕೆ ಬಂದ್ರಾ? ಎರಡನ್ನೂ ಒಂದೇ ಉಸಿರಲ್ಲಿ ಹೇಳ್ಬೇಡಿ."

ಯಜಮಾನ ನೆಲ ನೋಡಿದ. ಮತ್ತೆ ಕೈ ಮುಗಿದು ಪಿಸುಗುಟ್ಟಿದ, "ನನ್ನಿಂದ ಅನ್ಯಾಯ ಆಯ್ತು. ಕ್ಷಮಿಸು."

"ಜೋರಾಗಿ ಹೇಳಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. ಪುಟ್ಟಿ ಅವಳ ಸೆರಗು ಹಿಡಿದಿದ್ದಳು. "ಬೀದಿಯವರಿಗೆಲ್ಲ ಕೇಳಿಸಲಿ."

ಅವನು ಜೋರಾಗಿ ಹೇಳಿದ. ಎದುರುಸಾಲಿನಲ್ಲಿ ಒಂದು ಬಾಗಿಲು ತೆರೆಯಿತು, ಮತ್ತೊಂದು, ಇನ್ನೊಂದು. ಕೆಲಸದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎತ್ತುವ ಮುಖ ಅವನಿಗಿರಲಿಲ್ಲ.